ಎಚ್ಚರವೂ ಅರಿವೂ

ಓದುವವನಿಗೂ ದುಡಿಯುವವನಿಗೂ ನಿದ್ರೆಯು ಒಮ್ಮೊಮ್ಮೆ ಶತ್ರುವಿನಂತೆ ತೋರುತ್ತದೆ. ಬೆಳಗಾದರೆ ಪರೀಕ್ಷೆ, ಪುಸ್ತಕ ಅರ್ಧವೂ ಮುಗಿದಿರುವುದಿಲ್ಲ, ಕಣ್ಣುಗಳು ಮಾತ್ರ ಮುಚ್ಚಿಕೊಳ್ಳುತ್ತವೆ. ಈ ಬಾಧೆಯಿಂದ ಪಾರಾಗಲು ಮಾನವನು ಬಹುಕಾಲದಿಂದ ಚಹಾ, ಕಾಫಿಗಳ ಮೊರೆಹೊಕ್ಕಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರವು ಅವುಗಳಿಗಿಂತ ಎಷ್ಟೋ ಪ್ರಬಲವಾದ ಗುಳಿಗೆಗಳನ್ನು ಅವನ ಕೈಗಿತ್ತಿತು. ರೋಗಿಗಳ ಉಪಶಮನಕ್ಕೆಂದು ಬಂದ ಈ ಔಷಧಗಳನ್ನು ಆರೋಗ್ಯವಂತರು ಬುದ್ಧಿಯ ಚುರುಕಿಗಾಗಿ ಸೇವಿಸಬಹುದೇ ಎಂಬುದು ಇಂದು ವಿಚಾರವಂತರನ್ನು ಕಾಡುತ್ತಿರುವ ಪ್ರಶ್ನೆ.

ಈ ಗುಳಿಗೆಗಳ ಇತಿಹಾಸ ಸ್ವಾರಸ್ಯಕರವಾದುದು. 1887ರಲ್ಲಿ ಲಜಾರ್ ಎಡೆಲೆಯಾನು ಎಂಬ ರುಮೇನಿಯದ ವಿಜ್ಞಾನಿಯು ಬರ್ಲಿನ್ ನಗರದಲ್ಲಿ ಆಂಫೆಟಮಿನ್ ಎಂಬ ವಸ್ತುವನ್ನು ಮೊದಲಬಾರಿಗೆ ತಯಾರಿಸಿದನು. ಸುಮಾರು ನಾಲ್ಕು ದಶಕಗಳವರೆಗೆ ಅದರ ಗುಣವನ್ನು ಯಾರೂ ಗಮನಿಸಲಿಲ್ಲ. 1930ರ ದಶಕದಲ್ಲಿ ಅದು ಬೆಂಜೆಡ್ರಿನ್ ಎಂಬ ಹೆಸರಿನಿಂದ ಕಟ್ಟಿದ ಮೂಗಿಗೆ ಔಷಧವಾಗಿ ಮಾರುಕಟ್ಟೆಗೆ ಬಂದಿತು. ಅದು ನಿದ್ರೆಯನ್ನು ಓಡಿಸಬಲ್ಲುದೆಂಬ ಸುದ್ದಿ ಬೇಗನೆ ಹರಡಿತು. 1937ರ ಹೊತ್ತಿಗೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪರೀಕ್ಷೆಗೆ ಓದಲು ಅದನ್ನು ನುಂಗತೊಡಗಿದ್ದರು.

ಜಪಾನಿನಲ್ಲಿ ನಡೆದುದು ಇನ್ನೂ ಘೋರವಾದುದು. ಇದೇ ವರ್ಗಕ್ಕೆ ಸೇರಿದ ಮೆಥಾಂಫೆಟಮಿನ್ ಎಂಬ ಔಷಧವು 1941ರಲ್ಲಿ ಅಲ್ಲಿ ಫಿಲೊಪಾನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಆ ಹೆಸರಿನ ಮೂಲವಾದ ಗ್ರೀಕ್ ಪದಗಳಿಗೆ ದುಡಿಮೆಯ ಮೇಲಿನ ಪ್ರೀತಿ ಎಂದು ಅರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೂ ಕಾರ್ಖಾನೆಗಳ ರಾತ್ರಿಪಾಳಿಯ ಕಾರ್ಮಿಕರಿಗೂ ಅದನ್ನು ಕೊಡಲಾಯಿತು. ಯುದ್ಧ ಮುಗಿದಾಗ ಉಳಿದ ದಾಸ್ತಾನು ಜನರ ಕೈಸೇರಿತು. ವ್ಯಸನವು ದೇಶವನ್ನು ವ್ಯಾಪಿಸಿತು. 1951ರಲ್ಲಿ ಸರ್ಕಾರವು ಕಠಿಣವಾದ ಕಾನೂನನ್ನು ತಂದಿತಾದರೂ, 1954ನೆಯ ಒಂದೇ ವರ್ಷದಲ್ಲಿ 55,000ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ದುಡಿಮೆಯ ಪ್ರೀತಿ ಎಂಬ ಹೆಸರು ಹೊತ್ತ ಔಷಧವು ದುಡಿಯುವ ಮನುಷ್ಯನನ್ನೇ ನುಂಗಿತು.

ಮೀಥೈಲ್‌ಫೆನಿಡೇಟ್, ಮೊಡಾಫಿನಿಲ್ ಮೊದಲಾದವು ಅನಂತರ ಬಂದ ಔಷಧಗಳು. ಮೊದಲನೆಯದು 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಿದ್ಧವಾಯಿತು. ಗಮನವನ್ನು ಒಂದೆಡೆ ನಿಲ್ಲಿಸಲಾಗದ ತೊಂದರೆಯಿಂದ ಬಳಲುವ ಮಕ್ಕಳಿಗೆ ಅದು ವೈದ್ಯರ ಮೇಲ್ವಿಚಾರಣೆಯಲ್ಲಿ ನಿಜವಾದ ನೆರವನ್ನು ನೀಡುತ್ತದೆ. ಎರಡನೆಯದು ಹಗಲಿನಲ್ಲಿ ತಡೆಯಲಾಗದಂತೆ ನಿದ್ರೆ ಆವರಿಸುವ ರೋಗಕ್ಕೆ ಮದ್ದು. ಇಂತಹ ರೋಗಿಗಳು ಔಷಧ ಸೇವಿಸುವುದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ.

ಆರೋಗ್ಯವಂತರ ವಿಷಯವೇ ಬೇರೆ. ಮಿದುಳಿನ ನರಕೋಶಗಳು ಡೋಪಮಿನ್‌ನಂತಹ ರಾಸಾಯನಿಕಗಳ ಮೂಲಕ ಪರಸ್ಪರ ಸಂದೇಶ ಕಳುಹಿಸುತ್ತವೆ. ಈ ಗುಳಿಗೆಗಳು ಆ ರಾಸಾಯನಿಕಗಳು ಹೆಚ್ಚುಕಾಲ ಉಳಿಯುವಂತೆ ಮಾಡುತ್ತವೆ. ಅದರಿಂದ ಉತ್ಸಾಹ ಏರುತ್ತದೆ, ಆಯಾಸ ಮರೆಯಾಗುತ್ತದೆ. ಆದರೆ ಉತ್ಸಾಹವು ಬುದ್ಧಿಯಲ್ಲ. 2023ರಲ್ಲಿ ಪ್ರಕಟವಾದ, ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನವೊಂದರಲ್ಲಿ 40 ಮಂದಿ ಆರೋಗ್ಯವಂತರಿಗೆ ಒಂದು ಸಮಸ್ಯೆಯನ್ನು ಒಡ್ಡಲಾಯಿತು. ಭಾರದ ಮಿತಿಯುಳ್ಳ ಒಂದು ಚೀಲದಲ್ಲಿ ಯಾವ ಯಾವ ವಸ್ತುಗಳನ್ನು ತುಂಬಿದರೆ ಬೆಲೆ ಅತ್ಯಧಿಕವಾದೀತು ಎಂಬುದೇ ಆ ಸಮಸ್ಯೆ. ಔಷಧ ಸೇವಿಸಿದಾಗ ಅವರು ಹೆಚ್ಚು ಹೊತ್ತು ಶ್ರಮಪಟ್ಟರು, ಹೆಚ್ಚು ಬಾರಿ ವಸ್ತುಗಳನ್ನು ತೆಗೆದಿಟ್ಟರು. ಆದರೆ ಆ ಶ್ರಮದ ಗುಣ ಕುಗ್ಗಿತು. ಔಷಧವಿಲ್ಲದೆ ಸರಾಸರಿಗಿಂತ ಚೆನ್ನಾಗಿ ಮಾಡಿದವರೇ ಔಷಧದ ಪ್ರಭಾವದಲ್ಲಿ ಸರಾಸರಿಗಿಂತ ಕೆಳಕ್ಕಿಳಿಯುವ ಪ್ರವೃತ್ತಿ ಕಂಡುಬಂದಿತು. ಇದಲ್ಲದೆ, ಓದಿದುದು ನೆನಪಿನಲ್ಲಿ ನೆಲೆಯೂರುವುದು ನಿದ್ರೆಯ ವೇಳೆಯಲ್ಲಿ. ನಿದ್ರೆಗೆಟ್ಟು ಓದುವವನು ತೂತುಮಡಕೆಗೆ ನೀರು ತುಂಬಿದಂತಾಗುತ್ತದೆ. ಹೃದಯಬಡಿತದ ಏರಿಕೆ, ಹಸಿವಿಲ್ಲದಿರುವಿಕೆ, ಕಳವಳ, ಕೆಲವು ಔಷಧಗಳಲ್ಲಿ ವ್ಯಸನದ ಭಯ ಇವು ಬೇರೆ.

ಇನ್ನು ನ್ಯಾಯದ ಮಾತು. ಕನ್ನಡಕ, ಪುಸ್ತಕ, ಶಿಕ್ಷಣಗಳಂತೆ ಗುಳಿಗೆಯೂ ಒಂದು ಸಾಧನ. ವಿವೇಕವುಳ್ಳ ವಯಸ್ಕರು ಅದನ್ನು ಬಳಸಲು ಅವಕಾಶವಿರಬೇಕು ಎಂದು 2008ರಲ್ಲಿ ಕೆಲವು ವಿದ್ವಾಂಸರು ನೇಚರ್ ಪತ್ರಿಕೆಯಲ್ಲಿ ವಾದಿಸಿದರು. ಇದಕ್ಕೆ ವಿರುದ್ಧವಾಗಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು 2011ರಲ್ಲಿ, ವೈದ್ಯರ ಅಪ್ಪಣೆಯಿಲ್ಲದೆ ಓದಿಗಾಗಿ ಇಂತಹ ಔಷಧ ಸೇವಿಸುವುದನ್ನು ವಂಚನೆಯ ಸಾಲಿಗೆ ಸೇರಿಸಿತು. ಎರಡು ಪಕ್ಷಗಳಲ್ಲಿಯೂ ವಿಚಾರವಿದೆ. ಆದರೆ ವೈಯಕ್ತಿಕ ಸ್ವಾತಂತ್ರ್ಯವೆಂಬ ಮಾತಿನಲ್ಲಿ ಮರೆತುಹೋಗುವ ಒಂದು ಅಂಶವುಂಟು. ಕಚೇರಿಯೊಂದರಲ್ಲಿ ಒಬ್ಬನು ಗುಳಿಗೆ ನುಂಗಿ ಹದಿನಾರು ಗಂಟೆ ದುಡಿದನೆನ್ನೋಣ. ನಾಳೆ ಅದೇ ಎಲ್ಲರ ಅಳತೆಗೋಲಾಗುತ್ತದೆ. ನಿಯಮಿತವಾಗಿ ದುಡಿದು ಮನೆಗೆ ಹೋಗುವವನು ಸೋಮಾರಿಯೆನಿಸುತ್ತಾನೆ. ಯಾರೂ ಬಲವಂತ ಮಾಡದಿದ್ದರೂ ಎಲ್ಲರೂ ಬಲವಂತಕ್ಕೆ ಒಳಗಾಗುತ್ತಾರೆ. ಒಬ್ಬನ ಆಯ್ಕೆಯು ಹತ್ತು ಜನರ ಆಯ್ಕೆಯನ್ನು ಕಸಿದುಕೊಳ್ಳುತ್ತದೆ.

ಆಯಾಸವು ರೋಗವಲ್ಲ, ದೇಹವು ತನ್ನ ಒಡೆಯನಿಗೆ ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನು ಗುಳಿಗೆಯಿಂದ ಮೌನಗೊಳಿಸಿದರೆ ಅದರ ಕಾರಣ ಇಲ್ಲವಾಗುವುದಿಲ್ಲ. ಪಾಠವು ಮಗುವಿನ ಶಕ್ತಿಗೆ ಮೀರಿದ್ದರೆ, ದುಡಿಮೆಯು ದುಡಿಯುವವನ ಶಕ್ತಿಗೆ ಮೀರಿದ್ದರೆ, ಬದಲಾಗಬೇಕಾದುದು ಹೊರೆಯೇ ಹೊರತು ಹೊರುವವನ ಮಿದುಳಲ್ಲ.