ಕಾರ್ಮಿಕ ಪ್ರಭುತ್ವ: ಬಂಡವಾಳಶಾಹಿಯ ರೋಗಕ್ಕೆ ಮದ್ದಾದೀತೇ?

ಗಾರ್ಕಿಯ ‘ತಾಯಿ’ ಕಾದಂಬರಿಯನ್ನು ನಿರಂಜನರ ಕನ್ನಡದಲ್ಲಿ ಓದಿ ಬೆಳೆದ ತಲೆಮಾರಿನವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು 1982ರ ಜನವರಿಯಲ್ಲಿ ಆರಂಭಿಸಿದ ಮುಷ್ಕರವನ್ನೂ, ಅದರ ನಂತರ ಒಂದೊಂದಾಗಿ ಮುಚ್ಚಿದ ಗಿರಣಿಗಳನ್ನೂ ಕಂಡವರು ಅವರೇ. ಬಂಡವಾಳಗಾರನ ಸ್ಥಾನದಲ್ಲಿ ಕಾರ್ಮಿಕರ ಪ್ರಭುತ್ವವೇ ನಿಂತರೆ ದುಡಿಯುವವನ ಬವಣೆ ತೀರೀತೇ ಎಂಬ ಪ್ರಶ್ನೆ ಅಂಥವರಿಗೆ ಬರಿಯ ತರ್ಕದ ವಿಷಯವಾಗಿರಲಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಸಿದ್ಧಾಂತ ಗ್ರಂಥಗಳಲ್ಲಿ ಹುಡುಕುವುದಕ್ಕಿಂತ, 1917ರಿಂದ 1991ರವರೆಗೆ ರಷ್ಯಾದಲ್ಲಿ ನಡೆದ ಮಹಾಪ್ರಯೋಗದಲ್ಲಿ ಹುಡುಕುವುದು ಲೇಸು.

ಬಂಡವಾಳಶಾಹಿಯ ಮೇಲಿನ ಆರೋಪಗಳಲ್ಲಿ ಮುಖ್ಯವಾದವು ಮೂರು: ಕಾಲಕಾಲಕ್ಕೆ ಎರಗುವ ಆರ್ಥಿಕ ಕುಸಿತ, ಅದರ ಬೆನ್ನಿಗೇ ಬರುವ ನಿರುದ್ಯೋಗ, ಮತ್ತು ತಾನು ದುಡಿಯುವ ಕಾರ್ಖಾನೆಯ ವ್ಯವಹಾರದಲ್ಲಿ ಕಾರ್ಮಿಕನಿಗೆ ಯಾವ ಮಾತೂ ಇಲ್ಲದಿರುವುದು. ಉತ್ಪಾದನಾ ಸಾಧನಗಳ ಒಡೆತನ ಸಮಾಜದ ಕೈಗೆ ಬಂದರೆ ಮೂರೂ ಕೊನೆಗೊಳ್ಳುತ್ತವೆ ಎಂಬುದು ಕ್ರಾಂತಿಕಾರಿಗಳ ನಂಬಿಕೆಯಾಗಿತ್ತು. ‘ರಾಜ್ಯ ಮತ್ತು ಕ್ರಾಂತಿ’ ಎಂಬ ಗ್ರಂಥವನ್ನು 1917ರಲ್ಲಿ ಬರೆದ ಲೆನಿನ್, ಅಧಿಕಾರಿಗಳಿಗೆ ಕಾರ್ಮಿಕನಷ್ಟೇ ಸಂಬಳವಿರಬೇಕೆಂದೂ, ರಾಜ್ಯವೆಂಬುದು ಕ್ರಮೇಣ ತಾನಾಗಿಯೇ ಕರಗಿಹೋಗುವುದೆಂದೂ ವಾದಿಸಿದ್ದರು.

ಮೊದಲ ಎರಡು ಆರೋಪಗಳ ಮಟ್ಟಿಗೆ ಸೋವಿಯತ್ ವ್ಯವಸ್ಥೆ ಕೊಟ್ಟ ಉತ್ತರವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. 1929ರಲ್ಲಿ ಆರಂಭವಾದ ಮಹಾಕುಸಿತದಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ಕಾಲುಭಾಗ 1933ರ ಹೊತ್ತಿಗೆ ಕೆಲಸ ಕಳೆದುಕೊಂಡಿತ್ತು. ಅದೇ ವೇಳೆಗೆ ಮೊದಲ ಪಂಚವಾರ್ಷಿಕ ಯೋಜನೆಯ ಭರದಲ್ಲಿದ್ದ ಸೋವಿಯತ್ ಒಕ್ಕೂಟ, ನಿರುದ್ಯೋಗ ನಿವಾರಣೆಯಾಯಿತೆಂದು 1930ರಲ್ಲಿಯೇ ಸಾರಿತ್ತು. 1897ರ ಜನಗಣತಿಯಲ್ಲಿ ಒಂಬತ್ತರಿಂದ ನಲವತ್ತೊಂಬತ್ತು ವಯಸ್ಸಿನವರ ಪೈಕಿ ಶೇಕಡಾ 28ರಷ್ಟಿದ್ದ ಅಕ್ಷರಸ್ಥರ ಪ್ರಮಾಣ 1939ರಲ್ಲಿ ಶೇಕಡಾ 87ಕ್ಕೆ ಏರಿತ್ತು. ಆದರೆ ಈ ಲೆಕ್ಕದ ಇನ್ನೊಂದು ಪುಟದಲ್ಲಿ, ಧಾನ್ಯದ ಬಲವಂತದ ವಸೂಲಿಯಿಂದ 1932-33ರಲ್ಲಿ ಉಂಟಾದ ಕ್ಷಾಮಕ್ಕೆ ಬಲಿಯಾದ ಲಕ್ಷಾಂತರ ರೈತಾಪಿ ಜನರೂ ಇದ್ದಾರೆ ಎಂಬುದನ್ನು ಮರೆಯಬಾರದು.

ನಿರುದ್ಯೋಗ ಹೋದದ್ದು ಹೇಗೆ? ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಸೋವಿಯತ್ ಕಾರ್ಖಾನೆಗೆ ಲಾಭ ನಷ್ಟಕ್ಕಿಂತ ಯೋಜನೆಯ ಗುರಿ ಮುಖ್ಯವಾಗಿತ್ತು. ನಷ್ಟವಾದರೆ ಸರ್ಕಾರ ತುಂಬಿಕೊಡುತ್ತಿತ್ತು, ಗುರಿ ತಪ್ಪಿದರೆ ಮಾತ್ರ ವ್ಯವಸ್ಥಾಪಕನ ತಲೆದಂಡ. ಆದ್ದರಿಂದ ಆತ ಬೇಕಾದುದಕ್ಕಿಂತ ಹೆಚ್ಚು ಆಳುಗಳನ್ನೂ, ಹೆಚ್ಚು ಕಚ್ಚಾವಸ್ತುವನ್ನೂ ಸಂಗ್ರಹಿಸಿಟ್ಟುಕೊಳ್ಳುತ್ತಿದ್ದ. ಎಲ್ಲ ಕಾರ್ಖಾನೆಗಳೂ ಹೀಗೆ ಕೂಡಿಟ್ಟಾಗ ದೇಶದಲ್ಲಿ ಕೆಲಸಗಾರರಿಗೇ ಬರ, ಸಾಮಗ್ರಿಗೂ ಬರ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೊಶ್ ಕೊರ್ನಾಯಿ 1980ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಇದನ್ನೇ ‘ಕೊರತೆಯ ಅರ್ಥವ್ಯವಸ್ಥೆ’ ಎಂದು ಕರೆದರು. ಬಂಡವಾಳಶಾಹಿಯಲ್ಲಿ ಸರಕು ಕೊಳ್ಳುವವನಿಗಾಗಿ ಕಾಯುತ್ತದೆ, ಇಲ್ಲಿ ಕೊಳ್ಳುವವನು ಸರಕಿಗಾಗಿ ಸಾಲಿನಲ್ಲಿ ನಿಲ್ಲುತ್ತಾನೆ. ಗುರಿಯನ್ನು ತೂಕದಲ್ಲಿ ನಿಗದಿಪಡಿಸಿದ್ದರಿಂದ ಕಾರ್ಖಾನೆಗಳು ಅನಗತ್ಯವಾಗಿ ಭಾರವಾದ ತೂಗುದೀಪಗಳನ್ನು ತಯಾರಿಸುತ್ತಿವೆ ಎಂದು 1959ರಲ್ಲಿ ಸ್ವತಃ ಕ್ರುಶ್ಚೇವರೇ ಆಕ್ಷೇಪಿಸಿದ್ದರು. ಅಂತಹ ದೀಪ ಯಾರ ಮನೆಯ ಚಾವಣಿಗೆ ಬೇಕು ಎಂಬುದು ಯೋಜನೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇನ್ನು ಮೂರನೆಯ ಆರೋಪ. ಪ್ರಯೋಗದ ನಿಜವಾದ ಪರೀಕ್ಷೆ ಇದ್ದದ್ದು ಇಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ. 1917ರ ನವೆಂಬರ್‌ನಲ್ಲಿ ಹೊಸ ಸರ್ಕಾರ ಹೊರಡಿಸಿದ ಆರಂಭದ ಶಾಸನಗಳಲ್ಲಿ ಕಾರ್ಖಾನೆಗಳ ಮೇಲೆ ಕಾರ್ಮಿಕರ ನಿಯಂತ್ರಣವನ್ನು ಘೋಷಿಸಿದ ಶಾಸನವೂ ಒಂದು. ಅಂತರ್ಯುದ್ಧ ಮತ್ತು ಹಸಿವಿನ ನಡುವೆ, ಮೂರು ವರ್ಷ ತುಂಬುವುದರೊಳಗೆ, ಹೆಚ್ಚಿನ ಕಾರ್ಖಾನೆಗಳಲ್ಲಿ ಒಬ್ಬನೇ ವ್ಯವಸ್ಥಾಪಕನ ಆಡಳಿತ ಜಾರಿಗೆ ಬಂದಿತ್ತು. ಕೈಗಾರಿಕೆಯ ಆಡಳಿತ ಕಾರ್ಮಿಕ ಸಂಘಗಳ ಕೈಯಲ್ಲಿರಬೇಕೆಂದು ಪಕ್ಷದೊಳಗೇ ವಾದಿಸಿದ ಶ್ಲ್ಯಾಪ್ನಿಕೊವ್ ಮತ್ತು ಅಲೆಕ್ಸಾಂದ್ರಾ ಕೊಲ್ಲೊಂತಾಯ್ ಅವರ ‘ಕಾರ್ಮಿಕ ವಿರೋಧಪಕ್ಷ’ 1921ರ ಪಕ್ಷ ಸಮ್ಮೇಳನದಲ್ಲಿ ಸೋತಿತು. ಅದೇ ಸಮ್ಮೇಳನ ಪಕ್ಷದೊಳಗಣ ಗುಂಪುಗಳನ್ನೇ ನಿಷೇಧಿಸಿತು. ಕೊಲ್ಲೊಂತಾಯ್ ಮುಂದೆ ರಾಯಭಾರಿಯಾಗಿ ಹೊರದೇಶಗಳಲ್ಲಿ ಬದುಕುಳಿದರು, ಸ್ವತಃ ಲೋಹ ಕಾರ್ಮಿಕರಾಗಿದ್ದ ಶ್ಲ್ಯಾಪ್ನಿಕೊವ್ ಅವರನ್ನು 1937ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

1940ರ ಜೂನ್‌ನಲ್ಲಿ ಬಂದ ಶಾಸನದ ಪ್ರಕಾರ ಅನುಮತಿಯಿಲ್ಲದೆ ಕೆಲಸ ಬಿಡುವುದು ಸೆರೆಮನೆಗೆ ಕಳುಹಿಸಬಹುದಾದ ಅಪರಾಧವಾಯಿತು. ಇಪ್ಪತ್ತು ನಿಮಿಷಕ್ಕಿಂತ ತಡವಾಗಿ ಬಂದವನು ಗೈರುಹಾಜರಾದಂತೆಯೇ ಲೆಕ್ಕ. ಅವನಿಗೆ ಆರು ತಿಂಗಳವರೆಗೆ ಸಂಬಳದಲ್ಲಿ ಕಾಲುಭಾಗದವರೆಗೆ ಕಡಿತ. ಈ ಶಿಕ್ಷೆಗಳು ರದ್ದಾದದ್ದು 1956ರಲ್ಲಿ. ಬಂಡವಾಳಗಾರನೊಬ್ಬನ ಗಿರಣಿ ಬಿಟ್ಟವನು ಇನ್ನೊಬ್ಬನ ಬಾಗಿಲು ತಟ್ಟಬಹುದು. ಆದರೆ ಕೆಲಸ ಕೊಡುವವನೂ, ಪೊಲೀಸನೂ, ನ್ಯಾಯಾಧೀಶನೂ ಒಬ್ಬನೇ ಆದಾಗ ದುಡಿಯುವವನು ಯಾರ ಬಳಿಗೆ ಹೋಗಬೇಕು?

ಆ ಪ್ರಶ್ನೆಗೆ 1962ರ ಜೂನ್‌ನಲ್ಲಿ ನೊವೊಚೆರ್ಕಾಸ್ಕ್ ನಗರದಲ್ಲಿ ರಕ್ತದ ಉತ್ತರ ಸಿಕ್ಕಿತು. ಮಾಂಸ ಮತ್ತು ಬೆಣ್ಣೆಯ ಬೆಲೆ ಏರಿದ್ದರ ಜೊತೆಗೆ, ಅಲ್ಲಿನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಕೆಲಸದ ದರವನ್ನೂ ಇಳಿಸಲಾಗಿತ್ತು. ಕಾರ್ಮಿಕರು ಲೆನಿನ್ ಭಾವಚಿತ್ರಗಳನ್ನು ಹಿಡಿದು ಮೆರವಣಿಗೆ ಹೊರಟರು. ಸೇನೆ ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಳಿಕ ಏಳು ಮಂದಿಗೆ ಮರಣದಂಡನೆಯಾಯಿತು. ಈ ಸುದ್ದಿ ಸೋವಿಯತ್ ಪತ್ರಿಕೆಗಳಲ್ಲಿ ಸುಮಾರು ಕಾಲು ಶತಮಾನದವರೆಗೆ ಬರಲೇ ಇಲ್ಲ.

ಹಾಗಾದರೆ ಕಾರ್ಖಾನೆಯನ್ನು ನಿಜವಾಗಿಯೂ ಕಾರ್ಮಿಕರ ಕೈಗೇ ಕೊಟ್ಟಿದ್ದರೆ ಎಂದು ಕೇಳಬಹುದು. ಯುಗೊಸ್ಲಾವಿಯಾ 1950ರ ಕಾನೂನಿನ ಮೂಲಕ ಆ ದಾರಿ ಹಿಡಿಯಿತು. ಅಲ್ಲಿ ಕಾರ್ಮಿಕರು ಚುನಾಯಿಸಿದ ಮಂಡಳಿಗಳಿಗೆ ಕಾರ್ಖಾನೆಯ ವಿಚಾರಗಳಲ್ಲಿ ಮಾತಿತ್ತು, ಸರಕು ಮಾರುಕಟ್ಟೆಗೆ ಹೋಗುತ್ತಿತ್ತು, ಅಂಗಡಿಗಳು ಮಾಸ್ಕೋದಷ್ಟು ಬರಿದಾಗಿರಲಿಲ್ಲ. ಆದರೆ ಸೋವಿಯತ್ ಒಕ್ಕೂಟ ಹೊರಗಟ್ಟಿದ್ದ ನಿರುದ್ಯೋಗ ಇಲ್ಲಿ ಹಿಂತಿರುಗಿ ಬಂತು. ಗಳಿಕೆಯನ್ನು ಈಗಿರುವವರೇ ಹಂಚಿಕೊಳ್ಳಬೇಕಾದಾಗ, ಹೊಸಬನನ್ನು ಸೇರಿಸಿಕೊಂಡರೆ ತಮ್ಮ ಪಾಲು ತಗ್ಗುತ್ತದೆ ಎಂಬ ಅಳುಕು ಸಹಜವೇ. 1960ರ ದಶಕದಿಂದ ಲಕ್ಷಗಟ್ಟಲೆ ಯುಗೊಸ್ಲಾವ್ ಕಾರ್ಮಿಕರು ಕೆಲಸ ಅರಸಿ ಹೋದದ್ದು ಪಶ್ಚಿಮ ಜರ್ಮನಿಯಂತಹ ಬಂಡವಾಳಶಾಹಿ ದೇಶಗಳಿಗೆ! ಇತ್ತ ಆ ಜರ್ಮನಿಯೇ 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳಲ್ಲಿಯೂ, 1976ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೌಕರರಿರುವ ಕಂಪನಿಗಳಲ್ಲಿಯೂ ಮೇಲ್ವಿಚಾರಣಾ ಮಂಡಳಿಯ ಅರ್ಧದಷ್ಟು ಸ್ಥಾನಗಳನ್ನು ನೌಕರರ ಪ್ರತಿನಿಧಿಗಳಿಗೆ ಕೊಡುವ ಕಾನೂನು ಮಾಡಿತು. ಕ್ರಾಂತಿಯ ಭೀತಿ ಮತ್ತು ಬಲವಾದ ಕಾರ್ಮಿಕ ಸಂಘಟನೆ ಎರಡೂ ಇಲ್ಲದಿದ್ದಲ್ಲಿ ಒಡೆಯರು ಇಷ್ಟು ಬಾಗುತ್ತಿದ್ದರೇ ಎಂಬುದು ಸಂದೇಹ.

ನಿರುದ್ಯೋಗವನ್ನು ಆಜ್ಞೆಯಿಂದ ಅಳಿಸಬಹುದು. ಆದರೆ ಏನು ಬೇಕು, ಎಲ್ಲಿ ನೋಯುತ್ತಿದೆ ಎಂದು ಹೇಳುವ ಬಾಯಿಯನ್ನು ಕಟ್ಟಿದ ಮೇಲೆ ಆ ಆಜ್ಞೆ ಕುರುಡಾಗುತ್ತದೆ. ಇದು ಎಷ್ಟು ಸಣ್ಣ ವಸ್ತುವಿನಲ್ಲಿ ಪ್ರಕಟವಾಯಿತೆಂಬುದು ಸೋಜಿಗ. ಸೈಬೀರಿಯಾದ ಕುಜ್ಬಾಸ್ ಪ್ರದೇಶದ ಕಲ್ಲಿದ್ದಲ ಗಣಿಗಾರರು 1989ರ ಜುಲೈನಲ್ಲಿ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಒಂದು ಸಾಬೂನು. ಬಾಹ್ಯಾಕಾಶಕ್ಕೆ ಮೊದಲ ಮನುಷ್ಯನನ್ನು ಕಳುಹಿಸಿದ ದೇಶ, ಗಣಿಯಿಂದ ಮೇಲೆ ಬಂದವನಿಗೆ ಮೈಯ ಮಸಿ ತೊಳೆಯಲು ಸಾಬೂನು ಒದಗಿಸಲಾರದಾಗಿತ್ತು. ಮುಷ್ಕರ ದೊನ್ಬಾಸ್, ವೊರ್ಕುತಾ, ಕರಗಂಡಗಳಿಗೂ ಹಬ್ಬಿತು. ಸರ್ಕಾರ ಮಾತುಕತೆಗೆ ಬಂದು ಭರವಸೆಗಳನ್ನಿತ್ತಿತು. ಎರಡು ವರ್ಷಗಳ ನಂತರ ಆ ಸರ್ಕಾರವೇ ಇರಲಿಲ್ಲ.

ಅದಾದ ಮೇಲೆ ಬಂದದ್ದು ಖಾಸಗೀಕರಣ. 1998ರ ಮೇ ತಿಂಗಳಲ್ಲಿ ಅದೇ ಕುಜ್ಬಾಸ್‌ನ ಗಣಿಗಾರರು ಟ್ರಾನ್ಸ್-ಸೈಬೀರಿಯನ್ ರೈಲುಹಳಿಯ ಮೇಲೆ ಕುಳಿತು ಸಂಚಾರ ತಡೆದರು. ಈ ಬಾರಿ ಅವರು ಕೇಳಿದ್ದು ಸಾಬೂನನ್ನಲ್ಲ, ತಿಂಗಳುಗಟ್ಟಲೆ ಬಾಕಿ ಉಳಿದಿದ್ದ ಸಂಬಳವನ್ನು.