ಎಲ್ಲ ಬರಿಗೈಯೂ ಒಂದೇ ಅಲ್ಲ

ಲೆಸ್ಟರ್‌ನ ಗುಜರಾತಿಗಳು, ಪೂರ್ವ ಲಂಡನ್ನಿನ ಸಿಲೆಟಿಗಳು

ಲೆಸ್ಟರ್ ಇಂಗ್ಲೆಂಡಿನ ನಡುಭಾಗದ ಊರು. ಅಲ್ಲಿನ ಬೆಲ್‌ಗ್ರೇವ್ ರಸ್ತೆಯ ಉದ್ದಕ್ಕೂ ಚಿನ್ನದಂಗಡಿ, ಸೀರೆಯಂಗಡಿ, ಮಿಠಾಯಿ ಅಂಗಡಿಗಳ ಸಾಲು. ಊರವರು ಈ ಬೀದಿಯನ್ನು 'ಗೋಲ್ಡನ್ ಮೈಲ್' ಎಂದು ಕರೆಯುತ್ತಾರೆ. ದೀಪಾವಳಿಗೆ ಇಲ್ಲಿ ಹಚ್ಚುವ ದೀಪ ನೋಡಲು ಪರವೂರುಗಳಿಂದಲೂ ಜನ ಬರುತ್ತಾರೆ. ಇಲ್ಲಿಂದ ಸುಮಾರು ನೂರು ಮೈಲಿ ದಕ್ಷಿಣಕ್ಕೆ, ಲಂಡನ್ನಿನ ಪೂರ್ವ ಮಗ್ಗುಲಲ್ಲಿ, ಬ್ರಿಕ್ ಲೇನ್ ಎಂಬ ಇನ್ನೊಂದು ಬೀದಿಯಿದೆ. ಅಲ್ಲಿ ಬೀದಿಯ ಹೆಸರನ್ನು ಬಂಗಾಳಿ ಲಿಪಿಯಲ್ಲೂ ಬರೆದಿದ್ದಾರೆ. ಹೋಟೆಲುಗಳ ಮೇಲೆ 'ಇಂಡಿಯನ್' ಎಂಬ ಬೋರ್ಡು ಇದೆ. ಒಳಗೆ ಒಲೆಯ ಮುಂದೆ ಬೆವರುವವರು ಮಾತ್ರ ಬಹುಪಾಲು ಬಾಂಗ್ಲಾದೇಶದ ಸಿಲೆಟ್ ಸೀಮೆಯವರು.

2021ರ ಜನಗಣತಿಯ ಪ್ರಕಾರ ಲೆಸ್ಟರ್ ನಗರದಲ್ಲಿ ಭಾರತೀಯ ಮೂಲದವರು ಶೇ. 34.3. ಬ್ರಿಕ್ ಲೇನ್ ಇರುವ ಟವರ್ ಹ್ಯಾಮ್ಲೆಟ್ಸ್ ಪ್ರದೇಶದಲ್ಲಿ ಬಾಂಗ್ಲಾದೇಶಿ ಮೂಲದವರು ಶೇ. 34.6. ಹೆಚ್ಚುಕಡಿಮೆ ಒಂದೇ ಪಾಲು. ಆದರೆ ಕಿಸೆಯ ಲೆಕ್ಕ ಹಾಗಿಲ್ಲ. 2018ರಲ್ಲಿ ಬ್ರಿಟನ್ನಿನ ಉದ್ಯೋಗಸ್ಥರ ಗಂಟೆಯ ಸಂಬಳವನ್ನು ಮೂಲದ ಪ್ರಕಾರ ವಿಂಗಡಿಸಿ ನೋಡಿದಾಗ, ನಡುವಿನ ಮಟ್ಟ ಭಾರತೀಯ ಮೂಲದವರದ್ದು 13.47 ಪೌಂಡ್, ಬಿಳಿಯ ಬ್ರಿಟಿಷರದ್ದು 12.03, ಬಾಂಗ್ಲಾದೇಶಿ ಮೂಲದವರದ್ದು 9.60. ಅದೇ ಸುಮಾರಿನ ವರ್ಷಗಳಲ್ಲಿ ಇಂಗ್ಲೆಂಡಿನ ಭಾರತೀಯ ಮೂಲದ ಕುಟುಂಬಗಳಲ್ಲಿ ಶೇ. 74ಕ್ಕೆ ಸ್ವಂತ ಮನೆಯಿತ್ತು, ಬಾಂಗ್ಲಾದೇಶಿ ಮೂಲದವರಲ್ಲಿ ಶೇ. 46ಕ್ಕೆ.

ಇಷ್ಟು ಕೇಳಿದ ಕೂಡಲೇ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ: "ಗುಜರಾತಿಗಳ ರಕ್ತದಲ್ಲೇ ವ್ಯಾಪಾರ ಇದೆ, ಸಿಲೆಟಿಗಳಿಗೆ ಅದು ಇಲ್ಲ." ರಕ್ತದ ಮಾತು ಬಿಟ್ಟು, ಇಬ್ಬರೂ ಆ ಊರುಗಳನ್ನು ಮುಟ್ಟಿದ ಬಗೆಯನ್ನು ನೋಡೋಣ.

ಎರಡು ಸಲ ಊರು ಬಿಟ್ಟವರು

ಲೆಸ್ಟರ್‌ನ ಗುಜರಾತಿಗಳಲ್ಲಿ ದೊಡ್ಡ ಪಾಲು ಗುಜರಾತಿನಿಂದ ನೇರವಾಗಿ ಬಂದದ್ದಲ್ಲ, ಪೂರ್ವ ಆಫ್ರಿಕಾದಿಂದ ಬಂದದ್ದು. 1896ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕಲು ಶುರುಮಾಡಿ, ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು. ಕೂಲಿಗಳಲ್ಲಿ ಹೆಚ್ಚಿನವರು ಕೆಲಸ ಮುಗಿಸಿ ಊರಿಗೆ ಮರಳಿದರು. ಹಳಿಯ ಬೆನ್ನು ಹಿಡಿದು ಒಳನಾಡಿಗೆ ಹೋದವರು ಗುಜರಾತಿನ ವರ್ತಕರು. ಅವರ ಅಂಗಡಿಗೆ ಸ್ವಾಹಿಲಿ ಭಾಷೆಯಲ್ಲಿ 'ದುಕಾ' ಎಂಬ ಹೆಸರು ನಿಂತಿತು. ನಮ್ಮ ಉತ್ತರ ಕರ್ನಾಟಕದ 'ದುಕಾನ'ದ್ದೇ ಒಡಹುಟ್ಟು ಅದು.

ದುಕಾ ಎಂದರೆ ತಗಡಿನ ಮಾಡಿನ ಒಂದು ಕೋಣೆ. ಮುಂದೆ ಉಪ್ಪು, ಸೀಮೆಎಣ್ಣೆ, ಸಾಬೂನು, ಬೆಂಕಿಪೊಟ್ಟಣ, ಬಟ್ಟೆಯ ಥಾನು; ಹಿಂದೆ ಮನೆ. ಸರಕು ಬರುತ್ತಿದ್ದದ್ದು ಪಟ್ಟಣದ ಸಗಟು ವ್ಯಾಪಾರಿಯಿಂದ, ಅದೂ ಸಾಲದ ಮೇಲೆ. ಆತ ಅನೇಕ ಸಲ ಬಂಧು, ಇಲ್ಲವೇ ಜಾತಿಬಾಂಧವ. ಗಲ್ಲಾದ ಪಕ್ಕ ಕೂತ ಮಕ್ಕಳು ಲೆಕ್ಕದ ಪುಸ್ತಕವನ್ನು ಶಾಲೆಗೆ ಹೋಗುವ ಮೊದಲೇ ಕಲಿಯುತ್ತಿದ್ದರು. ಮುಂದೆ ಶಾಲೆಯಲ್ಲಿ ಇಂಗ್ಲಿಷ್. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅವರಲ್ಲಿ ಸಕ್ಕರೆ ಕಾರ್ಖಾನೆಯ ಮಾಲೀಕರು, ವಕೀಲರು, ಶಿಕ್ಷಕರು, ಗುಮಾಸ್ತರು ಎಲ್ಲರೂ ಇದ್ದರು. ವಸಾಹತು ಆಡಳಿತದ ಏಣಿಯಲ್ಲಿ ಅವರ ಜಾಗ ಬಿಳಿಯರ ಕೆಳಗೆ, ಆಫ್ರಿಕನ್ನರ ಮೇಲೆ. ಮುಂದೆ ಅದೇ ಅವರಿಗೆ ಮುಳುವಾಯಿತು.

1972ರ ಆಗಸ್ಟಿನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅಂಗಡಿ, ಮನೆ, ಬ್ಯಾಂಕಿನ ಹಣ ಎಲ್ಲವೂ ಅಲ್ಲೇ ಉಳಿದವು. ಜೊತೆಗೆ ಒಯ್ಯಲು ಬಿಟ್ಟದ್ದು ಐವತ್ತು ಪೌಂಡಿನ ಆಸುಪಾಸು. ಸೆಪ್ಟೆಂಬರ್ 18ರಂದು ಮೊದಲ ವಿಮಾನ ಲಂಡನ್ ಬಳಿಯ ಸ್ಟಾನ್‌ಸ್ಟೆಡ್‌ನಲ್ಲಿ ಇಳಿಯಿತು. ಒಟ್ಟು ಸುಮಾರು 28 ಸಾವಿರ ಮಂದಿ ಬ್ರಿಟನ್ನಿಗೆ ಬಂದರು; ಹಲವರು ಮೊದಲ ಚಳಿಗಾಲವನ್ನು ಹಳೆಯ ಸೇನಾ ಶಿಬಿರಗಳಲ್ಲಿ ಕಳೆದರು. ಲೆಸ್ಟರ್ ನಗರಸಭೆಯಂತೂ ಉಗಾಂಡಾದ ಪತ್ರಿಕೆಯಲ್ಲೇ ಜಾಹೀರಾತು ಹಾಕಿಸಿ, ನಮ್ಮ ಊರಲ್ಲಿ ಮನೆಯಿಲ್ಲ, ಶಾಲೆ ತುಂಬಿದೆ, ದಯವಿಟ್ಟು ಇತ್ತ ಬರಬೇಡಿ ಎಂದಿತು. ಬಂಧುಗಳು ಆಗಲೇ ನೆಲೆಸಿದ್ದ ಊರು ಅದು. ಜನ ಬಂದೇ ಬಂದರು.

ಹಡಗಿನ ಹೊಟ್ಟೆಯಿಂದ ಬಂದವರು

ಸಿಲೆಟ್ ಹೊಳೆ, ಹಳ್ಳ, ಜವುಗಿನ ನಾಡು. ಅಲ್ಲಿನ ಸಣ್ಣ ರೈತರ ಮನೆಯ ಗಂಡಸರು ಕಲ್ಕತ್ತೆಯ ಬಂದರಿಗೆ ಹೋಗಿ ಬ್ರಿಟಿಷ್ ಹಡಗುಗಳಿಗೆ ಸೇರುತ್ತಿದ್ದರು. ಅವರನ್ನು 'ಲಸ್ಕರ್' ಎಂದು ಕರೆಯುತ್ತಿದ್ದರು. ನಮ್ಮ 'ಲಷ್ಕರು' ಬಂದದ್ದೂ ಅದೇ ಪಾರಸಿ ಮೂಲದಿಂದ. ಇವರ ಜಾಗ ಹಡಗಿನ ತಳದ ಎಂಜಿನ್ ಕೋಣೆ. ಕುಲುಮೆಗೆ ಕಲ್ಲಿದ್ದಲು ಎರಚುವುದು, ಬೂದಿ ಎಳೆಯುವುದು. ಒಂದೇ ಕೆಲಸಕ್ಕೆ ಬಿಳಿಯ ನಾವಿಕನಿಗಿಂತ ತೀರಾ ಕಡಿಮೆ ಸಂಬಳ. ಲಂಡನ್ನಿನ ಬಂದರು ಸಿಕ್ಕಾಗ ಕೆಲವರು ಹಡಗಿನಿಂದ ತಪ್ಪಿಸಿಕೊಂಡು ಊರೊಳಗೆ ಸೇರಿಕೊಂಡರು. ಯಾರದೋ ಹೋಟೆಲಿನಲ್ಲಿ ಪಾತ್ರೆ ತೊಳೆದು, ಅಡುಗೆ ಕಲಿತು, ಮುಂದೆ ತಮ್ಮದೇ ಸಣ್ಣ ಹೋಟೆಲು ಇಟ್ಟರು. ಇಂದಿನ 'ಇಂಡಿಯನ್ ಕರಿ ಹೌಸ್'ಗಳ ಬೇರು ಇರುವುದು ಇಲ್ಲಿ.

1950, 60ರ ದಶಕಗಳಲ್ಲಿ ಒಬ್ಬನ ಬೆನ್ನಿಗೆ ಇನ್ನೊಬ್ಬನಂತೆ ಊರಿನ ಗಂಡಸರು ಬಂದರು. ಅಣ್ಣನ ನಂತರ ತಮ್ಮ, ಆಮೇಲೆ ಪಕ್ಕದ ಮನೆಯವನು. ಒಂದು ಕೋಣೆಯಲ್ಲಿ ಹಲವರ ವಾಸ. ಹಗಲಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿಪಾಳಿಯವನು ಮಲಗುವುದೂ ಇತ್ತು. ದುಡಿಯುವುದು ಕಾರ್ಖಾನೆಯಲ್ಲಿ, ಹೋಟೆಲಿನಲ್ಲಿ, ಇಲ್ಲವೇ ಬ್ರಿಕ್ ಲೇನಿನ ಚರ್ಮದ ಜಾಕೆಟ್ ಹೊಲಿಯುವ ಕೋಣೆಗಳಲ್ಲಿ. ಮನಸ್ಸು ಮಾತ್ರ ಊರಲ್ಲಿ. ನಾಲ್ಕು ಕಾಸು ಕೂಡಿದ ಮೇಲೆ ಹೊರಟೇಬಿಡುವುದು ಎಂಬುದು ಎಲ್ಲರ ಲೆಕ್ಕ.

ಕಾಸು ಹೋದ ದಾರಿ

ಇಬ್ಬರ ಆರ್ಥಿಕ ಹಾದಿ ಬೇರೆಯಾದ ಮೊದಲ ಕವಲು ಇದು. ಸಿಲೆಟಿಯ ಉಳಿತಾಯ ಸಮುದ್ರ ದಾಟಿ ಊರಿಗೆ ಹೋಯಿತು. ಅಲ್ಲಿ ಹೊಲವಾಯಿತು, ತಂಗಿಯ ಮದುವೆಯಾಯಿತು, ಎರಡಂತಸ್ತಿನ ಮನೆಯಾಯಿತು. ಲಂಡನ್ನಿನಲ್ಲಿ ದುಡಿದು ಬಂದವನನ್ನು ಸಿಲೆಟಿನಲ್ಲಿ 'ಲಂಡನಿ' ಎನ್ನುತ್ತಾರೆ. ಲಂಡನ್ನಿನಲ್ಲಿ ಬಡವನಾಗಿ ಕಂಡವನು ಊರಿನಲ್ಲಿ ಸಾಹುಕಾರನಾಗಿರುತ್ತಿದ್ದ. ಬ್ರಿಟನ್ನಿನ ಅಂಕಿಅಂಶಕ್ಕೆ ಈ ಆಸ್ತಿ ಕಾಣುವುದಿಲ್ಲ.

ಉಗಾಂಡಾದಿಂದ ಬಂದವನಿಗೆ ಹಣ ಕಳಿಸಲು ಊರೇ ಇರಲಿಲ್ಲ. ಹಿಂದಿನ ಸೇತುವೆ ಸುಟ್ಟುಹೋಗಿತ್ತು. ಹಾಗಾಗಿ ಕಾರ್ಖಾನೆಯ ಸಂಬಳದಲ್ಲಿ ಉಳಿದದ್ದೆಲ್ಲ ಲೆಸ್ಟರ್‌ನಲ್ಲೇ ಬಿತ್ತು. ಮೊದಲು ಸಾಲುಮನೆಗಳಲ್ಲಿ ಒಂದು ಹಳೆಯ ಮನೆ, ಆಮೇಲೆ ಮೂಲೆಯಂಗಡಿ. ಲಂಡನ್ನಿಗೆ ಹೋಲಿಸಿದರೆ ಲೆಸ್ಟರ್‌ನಲ್ಲಿ ಮನೆಗಳೂ ಅಗ್ಗ. ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಸರ್ಕಾರಿ ಬಾಡಿಗೆ ಮನೆಗಾಗಿ ಸರದಿ ನಿಲ್ಲಬೇಕಿತ್ತು. ಬಂಗಾಳಿ ಕುಟುಂಬಗಳು ಖಾಲಿ ಬಿದ್ದ ಕಟ್ಟಡಗಳನ್ನು ಹೊಕ್ಕು ವಾಸಿಸುವ ಚಳವಳಿಯನ್ನೇ ಹೂಡಬೇಕಾಯಿತು. 1976ರಲ್ಲಿ ಹುಟ್ಟಿದ ಬೆಂಗಾಲಿ ಹೌಸಿಂಗ್ ಆ್ಯಕ್ಷನ್ ಗ್ರೂಪ್ ಅದರ ಮುಂದಾಳು.

ಮನೆಮಂದಿ ಯಾವಾಗ ಬಂದರು?

ಎರಡನೆಯ ಕವಲು ಕಾಲದ್ದು. ಅಮೀನ್ ಹೊರದಬ್ಬಿದ್ದು ಇಡೀ ಕುಟುಂಬಗಳನ್ನು. ಅಜ್ಜಿ, ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಬಂದರು. ಮಕ್ಕಳು ಇಂಗ್ಲಿಷ್ ಅರಿತೇ ಶಾಲೆ ಸೇರಿದರು. 1970ರ ದಶಕದ ಮೊದಲ ಭಾಗದಲ್ಲಿ ಲೆಸ್ಟರ್‌ನ ಹೊಸೈರಿ ಗಿರಣಿ, ಬೂಟಿನ ಕಾರ್ಖಾನೆ, ಟೈಪ್‌ರೈಟರ್ ಕಾರ್ಖಾನೆಗಳು ಇನ್ನೂ ಆಳು ತೆಗೆದುಕೊಳ್ಳುತ್ತಿದ್ದವು. ಕಂಪಾಲಾದಲ್ಲಿ ಗಲ್ಲಾದ ಮೇಲೆ ಕೂತಿದ್ದವರು ಇಲ್ಲಿ ರಾತ್ರಿಪಾಳಿಯಲ್ಲಿ ಯಂತ್ರದ ಮುಂದೆ ನಿಂತರು.

ಸಿಲೆಟಿನ ಹೆಂಡತಿ ಮಕ್ಕಳು ಹೆಚ್ಚಾಗಿ ಬಂದದ್ದು 1970ರ ದಶಕದ ಕೊನೆಯಿಂದ 80ರ ದಶಕದಲ್ಲಿ. ಢಾಕಾದ ಬ್ರಿಟಿಷ್ ಕಚೇರಿಯ ಮುಂದೆ ಪ್ರವೇಶಪತ್ರಕ್ಕಾಗಿ ವರ್ಷಗಟ್ಟಲೆ ಕಾದು ಬಂದವರು ಅವರು. ಅಷ್ಟರಲ್ಲಿ ಲಂಡನ್ನಿನ ಹಡಗುಕಟ್ಟೆಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಜಾಕೆಟ್ ಹೊಲಿಗೆಯೂ ಅಗ್ಗದ ಆಮದಿನೆದುರು ಸೊರಗತೊಡಗಿತ್ತು. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗ ಇಂಗ್ಲಿಷಿನ ಒಂದು ಪದವೂ ಬಾರದೆ ಶಾಲೆಗೆ ಸೇರಿದರೆ, ಪರೀಕ್ಷೆಗೆ ಉಳಿದದ್ದು ಎರಡು ಮೂರು ವರ್ಷ. ಫೇಲಾದವನಿಗೆ ಅಪ್ಪನ ಹೋಟೆಲಿನ ಅಡುಗೆಮನೆಯೇ ಗತಿ. ಬೀದಿಯಲ್ಲಿ ನಡೆಯುವುದಕ್ಕೂ ಭಯವಿತ್ತು. 1978ರ ಮೇ ತಿಂಗಳಲ್ಲಿ ಅಲ್ತಾಬ್ ಅಲಿ ಎಂಬ ಯುವ ಬಟ್ಟೆ ಕಾರ್ಮಿಕ ಕೆಲಸ ಮುಗಿಸಿ ಹೋಗುತ್ತಿದ್ದಾಗ ಜನಾಂಗದ್ವೇಷಿಗಳು ಅವನನ್ನು ಇರಿದು ಕೊಂದರು. ಇಂದು ಅಲ್ಲಿಯ ಉದ್ಯಾನಕ್ಕೆ ಅವನ ಹೆಸರಿದೆ.

ಹೆಂಗಸರ ದುಡಿಮೆಯ ಒಗಟು

ಒಂದು ಸಂಬಳದ ಮನೆಗೂ ಎರಡು ಸಂಬಳದ ಮನೆಗೂ ಇರುವ ಅಂತರವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಹೆಂಗಸರು ಕಾರ್ಖಾನೆಗೆ ಹೋದರು, ಅನ್ಯಾಯ ಕಂಡಾಗ ಗೇಟಿನ ಮುಂದೆ ಕೂತರು. 1974ರಲ್ಲಿ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯ ಏಷ್ಯನ್ ಕಾರ್ಮಿಕರು, ಹೆಂಗಸರೂ ಗಂಡಸರೂ, ಮುಷ್ಕರ ಹೂಡಿದರು. 1976ರಿಂದ 78ರವರೆಗೆ ಲಂಡನ್ನಿನ ಗ್ರನ್‌ವಿಕ್ ಫೋಟೋ ಕಾರ್ಖಾನೆಯ ಮುಷ್ಕರವನ್ನು ಮುನ್ನಡೆಸಿದ ಜಯಾಬೆನ್ ದೇಸಾಯಿ ತಾಂಜಾನಿಯಾದಿಂದ ಬಂದವರು, ಸೀರೆಯುಟ್ಟ ಕಾರ್ಮಿಕೆ.

ಸಿಲೆಟಿ ಹೆಂಗಸರಲ್ಲಿ ಆಗ ಹೊರಗೆ ದುಡಿಯುತ್ತಿದ್ದವರು ತೀರಾ ಕಡಿಮೆ. ಅನೇಕರು ಮನೆಯೊಳಗೇ ಹೊಲಿಗೆ ಯಂತ್ರ ಇಟ್ಟುಕೊಂಡು, ಮಧ್ಯವರ್ತಿ ತಂದುಹಾಕಿದ ಕತ್ತರಿಸಿದ ಬಟ್ಟೆಯನ್ನು ತುಂಡಿಗಿಷ್ಟು ಎಂಬ ಲೆಕ್ಕದಲ್ಲಿ ಹೊಲಿದರು. "ಪರದೆಯ ಪದ್ಧತಿ, ಇನ್ನೇನು" ಎಂದು ಮುಗಿಸುವುದು ಸುಲಭ. ಆದರೆ ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ ಇದನ್ನು ಹತ್ತಿರದಿಂದ ಅಭ್ಯಸಿಸಿದಾಗ ಒಂದು ಒಗಟು ಎದುರಾಯಿತು. ಪರದೆಯ ಕಟ್ಟು ಬಿಗಿಯೆಂದು ಎಣಿಸುವ ಢಾಕಾದಲ್ಲಿ ಬಾಂಗ್ಲಾ ಹೆಂಗಸರು ಹಿಂಡುಹಿಂಡಾಗಿ ಗಾರ್ಮೆಂಟ್ ಕಾರ್ಖಾನೆಗಳಿಗೆ ನಡೆದಿದ್ದರು. ಮುಕ್ತ ಸಮಾಜವೆನಿಸಿದ ಲಂಡನ್ನಿನಲ್ಲಿ ಮನೆಯೊಳಗೆ ಉಳಿದಿದ್ದರು. ಧರ್ಮ ಒಂದೇ, ಭಾಷೆ ಒಂದೇ, ಕೈಯ ಕಸುಬೂ ಒಂದೇ. ಬೇರೆಯಾಗಿದ್ದದ್ದು ಸುತ್ತಲಿನ ಸ್ಥಿತಿ. ಢಾಕಾದ ಕಾರ್ಖಾನೆಗಳು ಹೆಂಗಸರನ್ನೇ ಹುಡುಕಿ ಕರೆಯುತ್ತಿದ್ದವು. ಬ್ರಿಕ್ ಲೇನಿನ ಕೋಣೆಗಳಲ್ಲಿ ಯಂತ್ರದ ಮುಂದೆ ಕೂತಿದ್ದವರು ಊರಿನ ಗಂಡಸರು, ಒಬ್ಬರಿಗೊಬ್ಬರು ಗುರುತಿನವರು. ಹೆಂಗಸು ಅಲ್ಲಿ ಕಾಲಿಟ್ಟರೆ ಮಾತು ಬೀದಿಯೆಲ್ಲ ಹಬ್ಬುತ್ತಿತ್ತು. ಹೊರಗೆ ಜನಾಂಗದ್ವೇಷದ ಹೆದರಿಕೆ, ಮನೆಯಲ್ಲಿ ಎಳೆಯ ಮಕ್ಕಳು. 'ಸಂಸ್ಕೃತಿ' ಎಂಬ ಒಂದೇ ಪದಕ್ಕೆ ಈ ಒಗಟು ಬಿಚ್ಚಿಕೊಳ್ಳುವುದಿಲ್ಲ.

ಅಂಕಣದೊಳಗೆ ಯಾರು ಯಾರು?

ಈಗ ಮೊದಲಿನ ಅಂಕಿಗಳಿಗೆ ಮರಳೋಣ. 'ಭಾರತೀಯ ಮೂಲ' ಎಂಬ ಅಂಕಣದಲ್ಲಿ ಉಗಾಂಡಾದ ಗುಜರಾತಿ ಒಬ್ಬನೇ ಇಲ್ಲ. ಫೌಂಡ್ರಿಯಲ್ಲಿ ದುಡಿದ ಪಂಜಾಬಿಯ ಮೊಮ್ಮಗನಿದ್ದಾನೆ, ಸರ್ಕಾರಿ ಆಸ್ಪತ್ರೆಯ ವೈದ್ಯರಿದ್ದಾರೆ, ಬೆಂಗಳೂರಿನಿಂದ ವೀಸಾ ಹಿಡಿದು ಹೋದ ಸಾಫ್ಟ್‌ವೇರ್ ಎಂಜಿನಿಯರುಗಳಿದ್ದಾರೆ. ಡಿಗ್ರಿಯನ್ನೂ ಸಂಬಳವನ್ನೂ ನೋಡಿಯೇ ಒಳಬಿಟ್ಟವರನ್ನು ಸೇರಿಸಿ ನಡುವಿನ ಮಟ್ಟ ತೆಗೆದರೆ ಅದು ಏರದೆ ಇರುತ್ತದೆಯೇ? ಬಾಂಗ್ಲಾದೇಶಿ ಅಂಕಣದಲ್ಲಿ ಇಂಥ ಹೊಸಬರ ಪಾಲು ಕಡಿಮೆ.

ಈ ಅಂಕಿಗಳು ಮುಚ್ಚಿಡುವುದು ಇನ್ನೂ ಒಂದಿದೆ. ಗೋಲ್ಡನ್ ಮೈಲಿನ ಊರೇ ಆದ ಲೆಸ್ಟರ್‌ನ ಕೆಲವು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕನಿಷ್ಠ ವೇತನಕ್ಕಿಂತ ತೀರಾ ಕಡಿಮೆ ಕೂಲಿ ಕೊಡುತ್ತಿದ್ದಾರೆ ಎಂಬ ಸುದ್ದಿ 2020ರಲ್ಲಿ ಕೋವಿಡ್ ಹೊತ್ತಿಗೆ ಬ್ರಿಟನ್ನಿನ ಪತ್ರಿಕೆಗಳನ್ನು ತುಂಬಿತ್ತು. ಅಲ್ಲಿ ಯಂತ್ರದ ಮುಂದೆ ಕೂತಿದ್ದವರಲ್ಲಿ ಬಹಳ ಮಂದಿ ದಕ್ಷಿಣ ಏಷ್ಯಾದವರೇ. ಉಗಾಂಡಾದಿಂದ ಬಂದವರೆಲ್ಲ ಕೋಟ್ಯಧಿಪತಿಗಳಾದರು ಎಂಬುದು ಗೆದ್ದವರ ಕತೆ ಮಾತ್ರ.

ತೂಗುಗೋಲು ವಾಲಿದ್ದು ಶಾಲೆಯಲ್ಲಿ

1997ರಲ್ಲಿ ಇಂಗ್ಲೆಂಡಿನ 149 ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ಪೈಕಿ ಟವರ್ ಹ್ಯಾಮ್ಲೆಟ್ಸ್‌ನದ್ದು ಕೊನೆಯ ಸ್ಥಾನ. ಅಲ್ಲಿಂದಾಚೆಗೆ ಸರ್ಕಾರ ಹಣ ಸುರಿಯಿತು, ಶಿಕ್ಷಕರು ನಿಂತರು, ತಾಯ್ತಂದೆ ಬೆನ್ನುಬಿದ್ದರು. ಮಕ್ಕಳೂ ಈಗ ಅಲ್ಲೇ ಹುಟ್ಟಿದವರು, ಹದಿವಯಸ್ಸಿನಲ್ಲಿ ವಿಮಾನದಿಂದ ಇಳಿದವರಲ್ಲ. 2010ರ ದಶಕದ ಹೊತ್ತಿಗೆ ಅಲ್ಲಿನ ಶಾಲೆಗಳು ದೇಶದ ಸರಾಸರಿಯನ್ನು ದಾಟಿದವು. ಇಡೀ ಇಂಗ್ಲೆಂಡಿನಲ್ಲಿ ಹದಿನಾರರ ವಯಸ್ಸಿನ ಪರೀಕ್ಷೆಯಲ್ಲಿ ಬಾಂಗ್ಲಾದೇಶಿ ಮೂಲದ ಮಕ್ಕಳು ಬಿಳಿಯ ಬ್ರಿಟಿಷ್ ಮಕ್ಕಳನ್ನೂ ಹಿಂದೆ ಹಾಕಿದರು. ಅಂಕಪಟ್ಟಿಯ ಈ ಜಿಗಿತ ಸಂಬಳದ ಚೀಟಿಯಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಇಪ್ಪತ್ತೇ ವರ್ಷದಲ್ಲಿ ಇಷ್ಟು ಬದಲಾದದ್ದನ್ನು ರಕ್ತದ ಗುಣ ಎನ್ನಲು ಬರುವುದಿಲ್ಲ.

ಇಂಥ ಬದಲಾವಣೆ ಈ ಬೀದಿಗೆ ಹೊಸದೂ ಅಲ್ಲ. ಬ್ರಿಕ್ ಲೇನಿನ ಮೂಲೆಯಲ್ಲಿ ಒಂದು ಇಟ್ಟಿಗೆ ಕಟ್ಟಡವಿದೆ. ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು 1743ರಲ್ಲಿ ಅದನ್ನು ಚರ್ಚಾಗಿ ಕಟ್ಟಿದರು. ಅವರಲ್ಲಿ ಅನೇಕರು ರೇಷ್ಮೆ ನೇಕಾರರು. 1898ರಲ್ಲಿ ಅದು ರಷ್ಯಾ ಕಡೆಯಿಂದ ಬಂದ ಯಹೂದಿಗಳ ಪ್ರಾರ್ಥನಾಮಂದಿರವಾಯಿತು. ಅವರಲ್ಲಿ ಅನೇಕರು ದರ್ಜಿಗಳು. 1976ರಿಂದ ಮಸೀದಿ. ಸಿಲೆಟಿಗಳು ಹೊಲಿದದ್ದು ಚರ್ಮದ ಜಾಕೆಟ್ಟು. ನೂರು ವರ್ಷದ ಹಿಂದೆ ಇದೇ ಬೀದಿಯ ಯಹೂದಿಗಳ ಬಗ್ಗೆ ಜನ ಆಡುತ್ತಿದ್ದ ಮಾತೂ ಇಂಥದ್ದೇ: ಕೊಳಕು, ಬಡತನ, ಇವರು ಉದ್ಧಾರವಾಗರು. ಅವರ ಮೊಮ್ಮಕ್ಕಳಲ್ಲಿ ಅನೇಕರು ಉತ್ತರ ಲಂಡನ್ನಿನ ಒಳ್ಳೆಯ ಬಡಾವಣೆಗಳಲ್ಲಿದ್ದಾರೆ.

ಹಾಗಾಗಿ ಎರಡು ವಲಸೆ ಸಮುದಾಯಗಳನ್ನು ತೂಗುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಹಣ ಬಿಟ್ಟು ಬೇರೇನು ತಂದರು? ಒಬ್ಬೊಬ್ಬರೇ ಬಂದರೋ, ಮನೆಮಂದಿಯೊಡನೆಯೋ? ಬಂದಾಗ ಆ ಊರಿನಲ್ಲಿ ಕೆಲಸ ಹುಟ್ಟುತ್ತಿತ್ತೋ, ಸಾಯುತ್ತಿತ್ತೋ? ಉಳಿಸಿದ ಕಾಸು ಎಲ್ಲಿಗೆ ಹೋಯಿತು? ಬಂದು ಎಷ್ಟು ತಲೆಮಾರಾಯಿತು?

ಈ ಪ್ರಶ್ನೆಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಗಲ್ಲಾದ ಮೇಲೆ ಕೂತ ಮಾರ್ವಾಡಿ ವ್ಯಾಪಾರಿಯ ಅಜ್ಜನೂ ಬರಿಗೈಯಲ್ಲಿ ಬಂದಿದ್ದಿರಬಹುದು. ಅದೇ ಅಂಗಡಿಯ ಮುಂದೆ ಕೇಬಲ್ಲಿಗೆ ಗುಂಡಿ ತೋಡುತ್ತಿರುವ ಯಾದಗಿರಿಯವನೂ ಬರಿಗೈಯಲ್ಲೇ ಬಂದವನು. ಆದರೆ ಅಜ್ಜನಿಗೆ ಇದೇ ಪೇಟೆಯಲ್ಲಿ ಥಾನುಗಟ್ಟಲೆ ಬಟ್ಟೆಯನ್ನು ಸಾಲದ ಮೇಲೆ ಕೊಡುವ ನೆಂಟನಿದ್ದ. ಗುಂಡಿ ತೋಡುವವನಿಗೆ ಊರಲ್ಲಿ ಬತ್ತಿದ ಬೋರ್‌ವೆಲ್ಲಿನ ಸಾಲವಿದೆ.