ನಿಮಗಿದು ಗೊತ್ತೇ? ತಾನಾಗಿ ಮುಚ್ಚಿಕೊಳ್ಳುವ ಕಾರಿನ ಗಾಜು

● ಕೈಹಿಡಿ ತಿರುಗಿಸದೆ ಕಾರಿನ ಗಾಜು ಏರಿಸುವ ಸೌಕರ್ಯ ಮೊದಲು ಕಾಣಿಸಿದ್ದು ಅಮೆರಿಕದ ಪ್ಯಾಕರ್ಡ್ 180 ಕಾರಿನಲ್ಲಿ. 1940ರ ಕೊನೆಗೆ, 1941ರ ಮಾಡೆಲ್ ಎಂದು ಅದು ಮಾರುಕಟ್ಟೆಗೆ ಬಂತು. ಆಗ ಗಾಜನ್ನು ಎತ್ತುತ್ತಿದ್ದುದು ಹೈಡ್ರಾಲಿಕ್ ಒತ್ತಡ. ಬರೀ ವಿದ್ಯುತ್ ಮೋಟರಿನಿಂದ ಏರಿಳಿಯುವ ಗಾಜು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

● ನಮ್ಮ ಮಾರುತಿ 800ಕ್ಕೆ ಇದ್ದದ್ದು ಕೈಹಿಡಿಯೇ. ಪವರ್ ವಿಂಡೋ ಬೇಕೆಂದವರು ಅಂಗಡಿಯಲ್ಲಿ ಕಿಟ್ ಹಾಕಿಸಿಕೊಳ್ಳುತ್ತಿದ್ದರು. ಬೆಂಗಳೂರಿಗರಿಗೆ ಅದಕ್ಕೆ ಜೆ.ಸಿ. ರಸ್ತೆ ಚಿರಪರಿಚಿತ. ಈಗ ಅಂಥ ಅಂಗಡಿಗಳಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆ ಸಿಗುತ್ತದೆ. ಕಾರು ಲಾಕ್ ಮಾಡಿದೊಡನೆ ತೆರೆದಿರುವ ಗಾಜುಗಳನ್ನೆಲ್ಲ ತಾನೇ ಏರಿಸುವ ಕಂಟ್ರೋಲರ್ ಅದು.

● ಬಾಗಿಲೊಳಗಿನ ಮೋಟರಿಗೆ ಎಷ್ಟು ವೈರು? ಸರಳ ವ್ಯವಸ್ಥೆಯಲ್ಲಿ ಎರಡೇ. ಸುಮ್ಮನಿದ್ದಾಗ ಎರಡೂ ಅರ್ಥ್‌ಗೆ ಸೇರಿರುತ್ತವೆ. ಸ್ವಿಚ್ ಒತ್ತಿದರೆ ಒಂದಕ್ಕೆ 12 ವೋಲ್ಟ್ ಹರಿದು ಗಾಜು ಏರುತ್ತದೆ, ಇನ್ನೊಂದಕ್ಕೆ ಹರಿದರೆ ಇಳಿಯುತ್ತದೆ. ಕಂಟ್ರೋಲರ್ ಮಾಡುವುದೂ ಇಷ್ಟೇ: ಸ್ವಿಚ್ಚಿಗೂ ಮೋಟರಿಗೂ ನಡುವೆ ಕುಳಿತು, ಸೆಂಟ್ರಲ್ ಲಾಕ್‌ನಿಂದ ಸಂಕೇತ ಬಂದ ಕೂಡಲೇ ನಿಮ್ಮ ಬೆರಳಿನ ಕೆಲಸವನ್ನು ತನ್ನ ರಿಲೇಯಿಂದ ಮಾಡಿಸುತ್ತದೆ.

● ಕರೆಂಟ್ ನಿಂತರೂ ಗಾಜು ಜಾರಿ ಬೀಳುವುದಿಲ್ಲವಲ್ಲ, ಯಾಕೆ? ಮೋಟರಿನ ತುದಿಯಲ್ಲಿರುವ ವರ್ಮ್ ಗೇರ್ ಅದನ್ನು ಹಿಡಿದಿರುತ್ತದೆ. ಮೋಟರು ಗಾಜನ್ನು ಸರಿಸಬಲ್ಲದು, ಗಾಜು ಮೋಟರನ್ನು ತಿರುಗಿಸಲಾರದು.

● ಗಾಜು ಪೂರ್ತಿ ಮೇಲೆ ಹೋಯಿತೆಂದು ಪೆಟ್ಟಿಗೆಗೆ ಹೇಗೆ ತಿಳಿಯುತ್ತದೆ? ಮುಂದೆ ಹೋಗಲು ಜಾಗವಿಲ್ಲದೆ ಮೋಟರು ತಡೆದು ನಿಂತಾಗ ಅದು ಎಳೆಯುವ ಕರೆಂಟು ಒಮ್ಮೆಲೇ ಏರುತ್ತದೆ. ಅದನ್ನು ಅಳೆದು ಕಂಟ್ರೋಲರ್ ವಿದ್ಯುತ್ ಕಡಿದುಹಾಕುತ್ತದೆ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಇದೂ ಇಲ್ಲ. ಇಷ್ಟು ಸೆಕೆಂಡ್ ಓಡು, ನಿಲ್ಲು ಎಂಬ ಟೈಮರ್ ಮಾತ್ರ.

● ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಇರುವುದು ಇಲ್ಲೇ. ಗಾಜಿಗೆ ಅಡ್ಡ ಬಂದದ್ದು ಮೇಲಿನ ಚೌಕಟ್ಟೋ ಮಗುವಿನ ಕೈಯೋ ಎಂಬ ವ್ಯತ್ಯಾಸ ಟೈಮರಿಗೆ ತಿಳಿಯದು. ಕರೆಂಟ್ ಅಳೆದು ಬರೀ ನಿಲ್ಲುವ ಪೆಟ್ಟಿಗೆಯೂ ಸಾಲದು. ಕೈ ಸಿಕ್ಕಿಕೊಂಡಲ್ಲೇ ಗಾಜು ನಿಂತುಬಿಟ್ಟರೆ ಅದನ್ನು ಇಳಿಸುವವರು ಯಾರು? ಕಾರು ತಯಾರಕರು ಹಾಕುವ ಆ್ಯಂಟಿ-ಪಿಂಚ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೋಟರಿನೊಳಗೆ ಪುಟ್ಟ ಅಯಸ್ಕಾಂತ ಮತ್ತು ಅದರ ಸುಳಿವು ಹಿಡಿಯುವ ಹಾಲ್ ಸೆನ್ಸರ್ ಇರುತ್ತವೆ. ಮೋಟರಿನ ಒಂದೊಂದು ಸುತ್ತನ್ನೂ ಈ ವ್ಯವಸ್ಥೆ ಎಣಿಸುತ್ತದೆ. ಗಾಜು ಎಲ್ಲಿದೆ, ವೇಗ ಎಲ್ಲಿ ತಗ್ಗಿತು ಎಂಬುದು ಅದಕ್ಕೆ ಗೊತ್ತು. ಮೇಲಂಚು ಇನ್ನೂ ದೂರವಿರುವಾಗಲೇ ತಡೆ ಸಿಕ್ಕಿದರೆ ಗಾಜು ನಿಲ್ಲುವುದಷ್ಟೇ ಅಲ್ಲ, ಹಿಂದಕ್ಕೆ ಇಳಿಯುತ್ತದೆ.

● ಹಾಗೆ ಹಿಂದಿರುಗುವ ಗಾಜಿಗೆ ಅಂತರರಾಷ್ಟ್ರೀಯ ಅಳತೆ ಉಂಟು. 4 ಮಿಲಿಮೀಟರಿನಿಂದ 200 ಮಿಲಿಮೀಟರ್‌ವರೆಗಿನ ಸಂದಿಯಲ್ಲಿ ಸಿಕ್ಕಿಕೊಂಡ ವಸ್ತುವಿನ ಮೇಲೆ ಅದರ ಒತ್ತಡ 100 ನ್ಯೂಟನ್ ಮೀರಬಾರದು. ಸುಮಾರು 10 ಕಿಲೋ ತೂಕದಷ್ಟು. ಪುಟ್ಟ ಕೊರಳಿಗೆ ಅದೂ ಕಡಿಮೆಯಲ್ಲ.

● ಅಮೆರಿಕದ ಸುರಕ್ಷತಾ ನಿಯಮ ಇನ್ನೊಂದು ಮಾತು ಹೇಳುತ್ತದೆ. ಹಿಂದಿರುಗುವ ವ್ಯವಸ್ಥೆಯಿಲ್ಲದ ಗಾಜನ್ನು ರಿಮೋಟಿನಿಂದ ಏರಿಸುವುದಾದರೆ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಸಾಮಾನ್ಯ ರಿಮೋಟ್ ಆದರೆ 6 ಮೀಟರ್ ದಾಟಿದ ಮೇಲೆ ಅದು ಕೆಲಸ ಮಾಡಲೂ ಕೂಡದು. ಗಾಜು ಏರುವಾಗ ನೋಡುತ್ತಿರುವ ಕಣ್ಣು ಹತ್ತಿರದಲ್ಲಿರಬೇಕೆಂಬುದೇ ಅದರ ಉದ್ದೇಶ. ಲಾಕ್ ಒತ್ತಿ ಬೆನ್ನು ತಿರುಗಿಸಿ ಹೊರಟವರ ಹಿಂದೆ ತಾನಾಗಿ ಏರುವ ಗಾಜು ಆ ಉದ್ದೇಶಕ್ಕೆ ನೇರ ವಿರುದ್ಧ. ಹಿಂದಿರುಗುವ ಗುಣವಿಲ್ಲದ ಕಂಟ್ರೋಲರನ್ನು, ಮಕ್ಕಳು ಓಡಾಡುವ ಮನೆಯ ಕಾರಿಗೆ ಹಾಕಿಸಲೇಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ.

● ಗಾಜು ಏರಿಸಲು ಪವರ್ ವಿಂಡೋ ಸ್ವಿಚ್ಚನ್ನು ಮೇಲಕ್ಕೆ ಎಳೆಯುವಂತೆ ಮಾಡಿದ್ದೇಕೆ? ಹಳೆಯ ಸ್ವಿಚ್ಚುಗಳಲ್ಲಿ ಒಂದು ಬದಿ ಒತ್ತಿದರೆ ಗಾಜು ಏರುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿದ ಮಗುವಿನ ಮೊಣಕಾಲು ಅದರ ಮೇಲೆ ಊರಿದರೂ ಸಾಕಿತ್ತು.

● ಕಂಟ್ರೋಲರ್ ಹಾಕಿಸುವಾಗ ವೈರು ಕತ್ತರಿಸಿ ಟೇಪು ಸುತ್ತಲು ಬಿಡಬೇಡಿ. ನಿಮ್ಮ ಮಾಡೆಲ್ಲಿಗೆ ಕಪ್ಲರ್‌ನಿಂದ ಕಪ್ಲರ್‌ಗೆ ಕೂರುವ ವೈರಿಂಗ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಕತ್ತರಿಸಿದ ವೈರಿಂಗ್ ಕಂಡರೆ ಕಂಪನಿಯವರು ವಾರಂಟಿ ನಿರಾಕರಿಸಬಹುದು. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಕಳಚಿರಬೇಕು, ಕಂಟ್ರೋಲರಿನ ವಿದ್ಯುತ್ ದಾರಿಗೆ ಪ್ರತ್ಯೇಕ ಫ್ಯೂಸ್ ಇರಬೇಕು. ಬಾಗಿಲಿಗೂ ಬಾಡಿಗೂ ನಡುವಿನ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಳಗೇ ಹೊಸ ವೈರು ಹಾಯಬೇಕು. ಬಾಗಿಲು ತೆರೆದು ಮುಚ್ಚಿ ವೈರು ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ.

● ಎಲ್ಲ ಕಾರಿಗೂ ಈ ಕಂಟ್ರೋಲರ್ ಒಗ್ಗುವುದಿಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ಸ್ವಿಚ್ಚಿನಿಂದ ಹೋಗುವುದು ಮೋಟರಿನ ಕರೆಂಟಲ್ಲ, ಒಂದು ಡಿಜಿಟಲ್ ಸಂದೇಶ. ಅಲ್ಲಿ ಮಾಮೂಲಿ ರಿಲೇ ಪೆಟ್ಟಿಗೆ ಹಾಕಿದರೆ ಕೆಲಸ ಕೆಡುತ್ತದೆ. ಆ ಮಾಡೆಲ್ಲಿಗೆಂದೇ ಮಾಡಿದ್ದು ಬೇಕು.

● ಬ್ಯಾಟರಿ ಕಳಚಿ ಹಾಕಿದ ಮೇಲೆ ಒಂದೇ ಒತ್ತಿಗೆ ಏರುತ್ತಿದ್ದ ಗಾಜು ಅರ್ಧಕ್ಕೆ ನಿಲ್ಲುತ್ತಿದೆಯೇ? ಕೆಟ್ಟಿಲ್ಲ, ಗಾಜಿನ ಸ್ಥಾನ ಮರೆತಿದೆ. ಬಹುತೇಕ ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದರೆ ಮತ್ತೆ ಕಲಿಯುತ್ತದೆ. ಕ್ರಮ ಕೈಪಿಡಿಯಲ್ಲಿರುತ್ತದೆ.

● ಗಾಜು ನಿಧಾನವಾದರೆ ಮೊದಲ ಅನುಮಾನ ರಬ್ಬರ್ ಬೀಡಿಂಗಿನ ಧೂಳಿನ ಮೇಲಿರಲಿ. ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿ. ಎಂಜಿನ್ ಆಯಿಲ್, ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬಿಗಿಯಾದ ಬೀಡಿಂಗ್ ಕಂಟ್ರೋಲರನ್ನೂ ಮೋಸಗೊಳಿಸುತ್ತದೆ: ತಡೆ ಇದೆಯೆಂದು ತಿಳಿದು ಅದು ಗಾಜನ್ನು ನಡುವೆಯೇ ನಿಲ್ಲಿಸುತ್ತದೆ.

● ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಪರೀಕ್ಷಿಸಿ. ದಿನಪತ್ರಿಕೆಯನ್ನು ಸುರುಳಿ ಸುತ್ತಿ ಏರುವ ಗಾಜಿಗೆ ಅಡ್ಡ ಹಿಡಿಯಿರಿ, ಬೆರಳುಗಳು ದೂರವಿರಲಿ. ನಾಲ್ಕೂ ಬಾಗಿಲಲ್ಲಿ ಗಾಜು ತಾನಾಗಿ ಕೆಳಗಿಳಿಯಬೇಕು.

● ಇಷ್ಟೆಲ್ಲ ಮುಚ್ಚುವ ಮಾತಾಯಿತು. ತೆರೆಯುವುದೂ ಜೀವದ ಪ್ರಶ್ನೆಯಾಗಬಹುದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ, ಕಾರಿನಲ್ಲಿ ಸಿಲುಕಿದ ಯುವತಿಯೊಬ್ಬರು ತೀರಿಕೊಂಡರು. ನೀರಿಗೆ ಬಿದ್ದ ಕಾರುಗಳ ಬಗ್ಗೆ ವರ್ಷಗಟ್ಟಲೆ ಪ್ರಯೋಗ ನಡೆಸಿದ ಕೆನಡಾದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಕ್ರಮ ಹೀಗಿದೆ: ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಕ್ಕೆ ದಾಟಿಸಿ, ನೀವೂ ಹೊರಬನ್ನಿ. ಸಿಗುವುದು ಸುಮಾರು ಒಂದು ನಿಮಿಷ. ನೀರು ಗಾಜಿನ ಮಟ್ಟಕ್ಕೇರಿದರೆ ಅದರ ಒತ್ತಡಕ್ಕೆ ಬಾಗಿಲೂ ತೆರೆಯದು, ಗಾಜೂ ಇಳಿಯದು.

● ಆಗ ಉಳಿಯುವುದು ಗಾಜು ಒಡೆಯುವ ಸುತ್ತಿಗೆ. ಮುಂದಿನ ಗಾಜು ಲ್ಯಾಮಿನೇಟೆಡ್, ಅದು ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಟೆಂಪರ್ಡ್, ಅದರ ಮೂಲೆಗೆ ಹೊಡೆಯಬೇಕು. ಆದರೆ ಕೆಲವು ಹೊಸ ಕಾರುಗಳಲ್ಲಿ ಪಕ್ಕದ್ದೂ ಲ್ಯಾಮಿನೇಟೆಡ್ ಆಗಿದೆ. ಯಾವುದೆಂದು ಹೆಚ್ಚಾಗಿ ಗಾಜಿನ ಮೂಲೆಯಲ್ಲೇ ಅಚ್ಚು ಹಾಕಿರುತ್ತಾರೆ. ನಿಮ್ಮ ಕಾರಿನದ್ದನ್ನು ಇಂದೇ ಓದಿ ನೋಡಿ, ಮನೆಯವರಿಗೂ ತಿಳಿಸಿ.